ಲೋಕ ಮೆಚ್ಚಿದ ಚಿತ್ರವೂ ನಮಗೆ ದೊರೆಯದ ಸಮಾಧಾನವೂ

ಹತ್ತು ಮಂದಿ ಪ್ರಾಜ್ಞರು ಕೊಂಡಾಡಿದ ಕೃತಿಯೊಂದು ನಮ್ಮ ಮನಸ್ಸಿಗೆ ಹಿಡಿಸದೆ ಹೋದಾಗ, ಗೃಹಸ್ಥನಾದವನಿಗೆ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ. ತನ್ನ ಬುದ್ಧಿಯೇ ಮಂದವೆಂದು ಒಪ್ಪಿಕೊಂಡು ಸುಮ್ಮನಾಗುವುದು ಒಂದು. ಹೊಗಳಿದವರೆಲ್ಲರೂ ಡಾಂಭಿಕರೆಂದು ಹಳಿದು ಎದ್ದುಹೋಗುವುದು ಇನ್ನೊಂದು. ಮೊದಲನೆಯದು ವಿನಯದಂತೆ ತೋರುತ್ತದೆ. ಎರಡನೆಯದು ಧೈರ್ಯದಂತೆ ತೋರುತ್ತದೆ. ಆದರೆ ವಿಚಾರಮಾಡುವ ಶ್ರಮವನ್ನು ತಪ್ಪಿಸಿಕೊಳ್ಳುವುದರಲ್ಲಿ ಎರಡೂ ಸಮಾನವೇ. ಇವುಗಳ ನಡುವೆ ಮೂರನೆಯ ದಾರಿಯೊಂದುಂಟು. ಕೃತಿಯು ನಮಗೆ ಏನನ್ನು ಕೊಡುವೆನೆಂದು ಮಾತುಕೊಟ್ಟಿತು, ಎಲ್ಲಿಯವರೆಗೆ ಅದನ್ನು ಕೊಟ್ಟಿತು, ಯಾವ ಎಡೆಯಲ್ಲಿ ಕೈಬಿಟ್ಟಿತು ಎಂಬುದನ್ನು ಸಾವಧಾನವಾಗಿ ಕಂಡುಕೊಳ್ಳುವುದೇ ಆ ದಾರಿ. ಹಾಗೆ ಕಂಡುಕೊಂಡ ಆಶಾಭಂಗವು ನಿಂದೆಯಾಗುವುದಿಲ್ಲ. ಅದೂ ಒಂದು ಬಗೆಯ ಗೌರವವೇ ಆಗುತ್ತದೆ.

ಈ ಮಾತಿಗೆ ನಿದರ್ಶನವಾಗಿ ಅಮೆರಿಕಾ ದೇಶದ ‘ದಿ ಟ್ರೀ ಆಫ್ ಲೈಫ್’, ಎಂದರೆ ‘ಜೀವನವೃಕ್ಷ’, ಎಂಬ ಚಲನಚಿತ್ರವನ್ನು ತೆಗೆದುಕೊಳ್ಳೋಣ. ಇದು ಹೊರಬಂದುದು ೨೦೧೧ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ನಗರದ ಚಿತ್ರೋತ್ಸವದಲ್ಲಿ, ನಟರಾದ ರಾಬರ್ಟ್ ಡಿ ನೀರೊ ಅವರ ಅಧ್ಯಕ್ಷತೆಯ ತೀರ್ಪುಗಾರರ ಮಂಡಲಿಯು ಅಲ್ಲಿಯ ಅತ್ಯುಚ್ಚ ಬಹುಮಾನವಾದ ಸುವರ್ಣ ತಾಳೆಗರಿಯನ್ನು ಇದಕ್ಕೆ ಕೊಟ್ಟಿತು. ಅಮೆರಿಕೆಯ ಪ್ರಸಿದ್ಧ ವಿಮರ್ಶಕರಾದ ರೋಜರ್ ಈಬರ್ಟ್ ಅವರು ೨೦೧೨ರಲ್ಲಿ ತಾವು ಮಾಡಿದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಹತ್ತರ ಪಟ್ಟಿಯಲ್ಲಿ ಇದನ್ನು ಸೇರಿಸಿದರು. ೨೦೧೬ರಲ್ಲಿ ಬಿ.ಬಿ.ಸಿ.ಯವರು ೩೬ ದೇಶಗಳ ೧೭೭ ಮಂದಿ ವಿಮರ್ಶಕರನ್ನು ಕೇಳಿ ಈ ಶತಮಾನದ ಉತ್ತಮ ಚಿತ್ರಗಳನ್ನು ಎಣಿಸಿದಾಗ ಇದಕ್ಕೆ ಏಳನೆಯ ಸ್ಥಾನ ಬಂದಿತು. ಇದಕ್ಕಿಂತ ಹೆಚ್ಚಿನ ಮನ್ನಣೆಯನ್ನು ಯಾವ ಚಿತ್ರವು ತಾನೆ ಬಯಸೀತು?

ಆದರೂ ಮೊದಲ ದಿನದಿಂದಲೇ ಇದರ ಬೆನ್ನ ಹಿಂದೆ ಇನ್ನೊಂದು ದನಿಯೂ ಕೇಳಿಬಂದಿತು. ಕಾನ್ ನಗರದಲ್ಲಿ ಪತ್ರಕರ್ತರಿಗಾಗಿ ಏರ್ಪಟ್ಟ ಪ್ರದರ್ಶನವು ಮುಗಿದಾಗ ಕರತಾಡನವೂ ಧಿಕ್ಕಾರದ ಕೂಗೂ ಒಂದೇ ಸಭಾಂಗಣದಲ್ಲಿ ಒಟ್ಟಿಗೆ ಎದ್ದುವು. ಅಮೆರಿಕೆಯ ಕನೆಕ್ಟಿಕಟ್ ಪ್ರಾಂತದ ಸ್ಟ್ಯಾಮ್‌ಫರ್ಡ್ ಊರಿನ ಒಂದು ಚಿತ್ರಮಂದಿರದವರು, ನೋಡಲು ಬಂದವರು ನಡುವೆಯೇ ಎದ್ದು ಬಂದು ಹಣವನ್ನು ಹಿಂದಕ್ಕೆ ಕೇಳತೊಡಗಿದುದರಿಂದ, ಇದು ಎಲ್ಲ ಚಿತ್ರಗಳಂತೆ ಕಥೆ ಹೇಳುವ ಚಿತ್ರವಲ್ಲ, ತಿಳಿದು ಒಳಗೆ ಬನ್ನಿರಿ, ಟಿಕೆಟ್ಟಿನ ಹಣವನ್ನು ಹಿಂದಿರುಗಿಸಲಾಗುವುದಿಲ್ಲ ಎಂಬ ಅರ್ಥದ ಪ್ರಕಟಣೆಯನ್ನು ಬಾಗಿಲಲ್ಲಿ ಅಂಟಿಸಬೇಕಾಯಿತು. ಇದೆಲ್ಲಕ್ಕಿಂತ ಆಶ್ಚರ್ಯವಾದುದೆಂದರೆ, ಚಿತ್ರದಲ್ಲಿ ಮುಖ್ಯ ಪಾತ್ರವೊಂದನ್ನು ವಹಿಸಿದ ಶಾನ್ ಪೆನ್ ಅವರೇ ಫ್ರೆಂಚ್ ಪತ್ರಿಕೆಯೊಂದಕ್ಕೆ ಹೇಳಿದ ಮಾತು. ತಾವು ಓದಿದ ಚಿತ್ರಕಥೆಗಳಲ್ಲಿ ಇದೇ ಅತ್ಯಂತ ಭವ್ಯವಾದುದೆಂದೂ, ಆದರೆ ಬರಹದಲ್ಲಿದ್ದ ಆ ಭಾವವನ್ನು ತೆರೆಯ ಮೇಲೆ ಕಾಣಲಿಲ್ಲವೆಂದೂ, ಕಥನವು ಇನ್ನಷ್ಟು ಸ್ಪಷ್ಟವಾಗಿದ್ದರೆ ಒಳ್ಳೆಯದಾಗುತ್ತಿತ್ತೆಂದೂ ಅವರು ಹೇಳಿದರು. ಹೀಗಿರುವಾಗ, ನೋಡಿ ನಿರಾಶರಾದ ಗೃಹಸ್ಥರು ನಾಚಿಕೆಪಡಬೇಕಾದ ಕಾರಣವಿಲ್ಲ.

ಈ ಚಿತ್ರಕ್ಕೆ ‘ದಾರ್ಶನಿಕ’ವೆಂಬ ವಿಶೇಷಣ ಬಂದುದು ಆಕಸ್ಮಿಕವಲ್ಲ. ನಿರ್ದೇಶಕರಾದ ಟೆರೆನ್ಸ್ ಮ್ಯಾಲಿಕ್ ೧೯೪೩ರಲ್ಲಿ ಹುಟ್ಟಿದವರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ವ್ಯಾಸಂಗಮಾಡಿದವರು. ರೋಡ್ಸ್ ವಿದ್ಯಾರ್ಥಿವೇತನವನ್ನು ಪಡೆದು ಆಕ್ಸ್‌ಫರ್ಡಿಗೆ ಹೋಗಿ, ಅಲ್ಲಿಯ ದಾರ್ಶನಿಕರಾದ ಗಿಲ್ಬರ್ಟ್ ರೈಲ್ ಅವರೊಡನೆ ತಮ್ಮ ಪ್ರಬಂಧದ ವಿಷಯದಲ್ಲಿ ಅಭಿಪ್ರಾಯಭೇದ ಬಂದು, ಪದವಿಯಿಲ್ಲದೆಯೇ ಹಿಂದಿರುಗಿದರು. ಜರ್ಮನ್ ತತ್ತ್ವಜ್ಞ ಮಾರ್ಟಿನ್ ಹೈಡೆಗ್ಗರನ ಗ್ರಂಥವೊಂದನ್ನು ಇಂಗ್ಲಿಷಿಗೆ ತಂದು ೧೯೬೯ರಲ್ಲಿ ಪ್ರಕಟಿಸಿದರು. ಆಮೇಲೆ ಚಿತ್ರರಂಗಕ್ಕೆ ಬಂದು ೧೯೭೩ರಲ್ಲಿ ಒಂದು, ೧೯೭೮ರಲ್ಲಿ ಇನ್ನೊಂದು ಚಿತ್ರವನ್ನು ಕೊಟ್ಟು, ಮುಂದಿನ ಚಿತ್ರಕ್ಕಾಗಿ ಲೋಕವನ್ನು ೧೯೯೮ರವರೆಗೆ ಕಾಯಿಸಿದರು. ಕಾನ್ ನಗರದಲ್ಲಿ ಬಹುಮಾನವನ್ನು ಘೋಷಿಸಿದಾಗಲೂ ವೇದಿಕೆಯ ಮೇಲೆ ಅವರು ಕಾಣಿಸಿಕೊಳ್ಳಲಿಲ್ಲ. ನಿರ್ಮಾಪಕರೇ ಅದನ್ನು ಸ್ವೀಕರಿಸಿದರು. ಅವರ ಸ್ವಂತ ತಮ್ಮನೊಬ್ಬನು ಗಿಟಾರ್ ವಾದ್ಯವನ್ನು ಕಲಿಯಲು ಸ್ಪೇನಿಗೆ ಹೋಗಿದ್ದು ೧೯೬೮ರಲ್ಲಿ ಅಕಾಲದಲ್ಲಿ ತೀರಿಕೊಂಡನು. ‘ಜೀವನವೃಕ್ಷ’ದಲ್ಲಿ ಸಾಯುವ ಹುಡುಗನೂ ಗಿಟಾರ್ ನುಡಿಸುವವನೇ. ಆದುದರಿಂದ ಈ ಚಿತ್ರದ ಮೂಲದಲ್ಲಿರುವ ದುಃಖವು ಬರಿಯ ಕಲ್ಪನೆಯದೆಂದು ಯಾರೂ ಹೇಳಲಾರರು. ನಾವು ಮುಂದೆ ಹೇಳುವ ಆಕ್ಷೇಪಣೆಯನ್ನು ವಾಚಕರು ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಕೇಳಬೇಕು.

ಕಥೆ ಎನ್ನುವಷ್ಟು ಕಥೆ ಇದರಲ್ಲಿಲ್ಲ. ಟೆಕ್ಸಸ್ ಪ್ರಾಂತದ ವೇಕೊ ಎಂಬ ಊರು. ಕಾಲವು ಕಳೆದ ಶತಮಾನದ ಐವತ್ತರ ದಶಕ. ಓಬ್ರಯನ್ ಎಂಬ ಗೃಹಸ್ಥ, ಅವನ ಹೆಂಡತಿ, ಮೂವರು ಗಂಡುಮಕ್ಕಳು. ಹಿರಿಯವನು ಜ್ಯಾಕ್; ನಡುವಿನವನನ್ನು ಆರ್. ಎಲ್. ಎಂದು ಕರೆಯುತ್ತಾರೆ. ತಂದೆಯ ಪಾತ್ರವನ್ನು ಬ್ರ್ಯಾಡ್ ಪಿಟ್ ಅವರೂ, ತಾಯಿಯ ಪಾತ್ರವನ್ನು ಜೆಸಿಕಾ ಚಾಸ್ಟೇನ್ ಅವರೂ, ವಯಸ್ಸಾದ ಮೇಲಿನ ಜ್ಯಾಕನ ಪಾತ್ರವನ್ನು ಶಾನ್ ಪೆನ್ ಅವರೂ ವಹಿಸಿದ್ದಾರೆ. ಚಿತ್ರದ ಆರಂಭದಲ್ಲಿಯೇ ತಾಯಿಗೆ ಒಂದು ತಂತಿ ಬರುತ್ತದೆ. ಹತ್ತೊಂಬತ್ತು ವರ್ಷದ ನಡುವಿನ ಮಗನು ತೀರಿಕೊಂಡನೆಂಬುದೇ ಆ ವಾರ್ತೆ. ಹೇಗೆ ಸತ್ತನು, ಎಲ್ಲಿ ಸತ್ತನು ಎಂಬುದನ್ನು ಚಿತ್ರವು ಎಲ್ಲಿಯೂ ಹೇಳುವುದಿಲ್ಲ. ತಾಯಿಯು ದೇವರನ್ನು ಕೇಳುತ್ತಾಳೆ: ಏಕೆ? ನೀನೆಲ್ಲಿದ್ದೆ? ಈ ಪ್ರಶ್ನೆಯಿಂದ ಚಿತ್ರವು ವಿಶ್ವದ ಸೃಷ್ಟಿಗೆ ಹಾರಿ, ಅಲ್ಲಿಂದ ಮಕ್ಕಳ ಬಾಲ್ಯಕ್ಕೆ ಇಳಿದು, ಕಡೆಗೆ ಸತ್ತವರೂ ಇರುವವರೂ ಒಟ್ಟಾಗಿ ನಡೆದಾಡುವ ಒಂದು ಕಡಲ ತೀರದಲ್ಲಿ ಮುಗಿಯುತ್ತದೆ. ಅವಧಿಯು ಎರಡು ಗಂಟೆ ಹತ್ತೊಂಬತ್ತು ನಿಮಿಷ.

ಚಿತ್ರದ ಹಣೆಯ ಮೇಲೆ ನಿರ್ದೇಶಕರು ಬರೆದಿಟ್ಟಿರುವುದು ಯೆಹೂದ್ಯರ ಮತ್ತು ಕ್ರೈಸ್ತರ ಧರ್ಮಗ್ರಂಥದಲ್ಲಿನ ಯೋಬನ ಪುಸ್ತಕದ ಮಾತನ್ನು. ನಾನು ಭೂಮಿಗೆ ಅಸ್ತಿವಾರ ಹಾಕಿದಾಗ ನೀನು ಎಲ್ಲಿದ್ದೆಯೆಂದು ದೇವರು ಮನುಷ್ಯನನ್ನು ಕೇಳುವ ಸಂದರ್ಭವದು. ಯೋಬನ ಕಥೆಯು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾಗಿರಬಹುದು. ಧರ್ಮಾತ್ಮನಾದ ಒಬ್ಬ ಗೃಹಸ್ಥನು ಒಂದೇ ದಿನದಲ್ಲಿ ತನ್ನ ಐಶ್ವರ್ಯವನ್ನೂ, ಏಳು ಮಂದಿ ಗಂಡುಮಕ್ಕಳನ್ನೂ ಮೂವರು ಹೆಣ್ಣುಮಕ್ಕಳನ್ನೂ ಕಳೆದುಕೊಳ್ಳುತ್ತಾನೆ. ಮೂವರು ಮಿತ್ರರು ಬಂದು ಏಳು ಹಗಲು ಏಳು ರಾತ್ರಿ ಅವನ ಬಳಿ ಮಾತಿಲ್ಲದೆ ಕುಳಿತು, ಆಮೇಲೆ ಬಾಯಿ ತೆರೆದು, ದೇವರು ನ್ಯಾಯವಂತನು, ನೀನು ಪಾಪಮಾಡಿರಬೇಕು ಎಂದು ವಾದಿಸತೊಡಗುತ್ತಾರೆ. ಯೋಬನು ಒಪ್ಪುವುದಿಲ್ಲ. ಅವನ ದೂರೂ ಮಿತ್ರರ ವಾದವೂ ಅಧ್ಯಾಯದ ಮೇಲೆ ಅಧ್ಯಾಯವಾಗಿ ನಡೆದ ಮೇಲೆ, ಮೂವತ್ತೆಂಟನೆಯ ಅಧ್ಯಾಯದಲ್ಲಿ ಬಿರುಗಾಳಿಯೊಳಗಿನಿಂದ ದೇವರ ಧ್ವನಿ ಕೇಳಿಬರುತ್ತದೆ. ಇಂತಹ ಮಾತನ್ನು ಹಣೆಯ ಮೇಲೆ ಬರೆದುಕೊಂಡ ಚಿತ್ರವು ನೋಡುವವನಿಗೆ ದೊಡ್ಡದೊಂದು ವಾಗ್ದಾನವನ್ನೇ ಮಾಡಿದಂತಾಯಿತು. ಮಗನನ್ನು ಕಳೆದುಕೊಂಡ ತಾಯಿಯ ಪ್ರಶ್ನೆಯನ್ನು ತಾನು ಎದುರಿಸುವೆನೆಂಬುದೇ ಆ ವಾಗ್ದಾನ. ಅದನ್ನು ನಂಬಿಯೇ ನಾವು ಚಿತ್ರದ ಮುಂದೆ ಕುಳಿತೆವು.

ಮೊದಲು ಗುಣವನ್ನು ಹೇಳುವುದು ನ್ಯಾಯ. ಚಿತ್ರದ ಮಧ್ಯಭಾಗವು, ಎಂದರೆ ಓಬ್ರಯನ್ ಕುಟುಂಬದ ದೈನಂದಿನ ಜೀವನವು, ಚಲನಚಿತ್ರಗಳಲ್ಲಿ ಅಪರೂಪವಾದ ವಸ್ತು. ಆ ತಂದೆಯನ್ನು ನೋಡಿರಿ. ಸಂಗೀತಗಾರನಾಗಬೇಕೆಂದು ಬಯಸಿದ್ದವನು, ಕಾರ್ಖಾನೆಯ ಕೆಲಸಕ್ಕೆ ಸೇರಿ, ಇಗರ್ಜಿಯಲ್ಲಿ ಆರ್ಗನ್ ವಾದ್ಯವನ್ನು ನುಡಿಸುವುದರಲ್ಲಿ ಆ ಬಯಕೆಯನ್ನು ತೀರಿಸಿಕೊಳ್ಳುತ್ತಾನೆ. ಮಕ್ಕಳನ್ನು ಪ್ರೀತಿಸದವನಲ್ಲ. ಆದರೆ ಲೋಕವು ಒಳ್ಳೆಯವರನ್ನು ತುಳಿಯುತ್ತದೆಂದು ನಂಬಿ, ಮಕ್ಕಳನ್ನು ಗಟ್ಟಿಗರನ್ನಾಗಿ ಮಾಡಲು ಹೊರಟು, ಅವರನ್ನು ಹೆದರಿಸಿಬಿಟ್ಟಿದ್ದಾನೆ. ಊಟದ ಮೇಜಿನಲ್ಲಿ ಅವನ ಸಂಗೀತದ ತಟ್ಟೆ ತಿರುಗುತ್ತಿರುವಾಗ ಯಾರೂ ಮಾತನಾಡಕೂಡದು. ಒಂದು ದಿನ ನಡುವಿನ ಮಗನು ಮೆಲ್ಲನೆ, ನೀನು ಸುಮ್ಮನಿರು ಎಂದು ತಂದೆಗೇ ಹೇಳಿಬಿಡುತ್ತಾನೆ. ತಂದೆಯು ಮೇಜನ್ನು ದಾಟಿ ಅವನ ಮೇಲೆ ಬೀಳುತ್ತಾನೆ, ಮನೆಯೆಲ್ಲ ತಲ್ಲಣಿಸುತ್ತದೆ. ಆ ಕೆಲವು ನಿಮಿಷಗಳಲ್ಲಿ ಕಾಣುವ ಮುಖಗಳನ್ನು ನಾವು ಎಲ್ಲಿಯೋ ನೋಡಿದ್ದೇವೆ. ಟೆಕ್ಸಸ್‌ನಲ್ಲಿ ಅಲ್ಲ, ನಮ್ಮ ಬೀದಿಯಲ್ಲಿ, ನಮ್ಮ ಬಂಧುಗಳ ಮನೆಗಳಲ್ಲಿ ನೋಡಿದ್ದೇವೆ.

ಅದೇ ತಂದೆಯು ಕೆಲಸದ ಮೇಲೆ ದೂರದೇಶಕ್ಕೆ ಹೋದಾಗ ಮನೆಗೆ ಮನೆಯೇ ಉಸಿರು ಬಿಡುತ್ತದೆ. ಮಕ್ಕಳು ಬಾಗಿಲುಗಳನ್ನು ಧಡಾರನೆ ಹಾಕುತ್ತಾರೆ, ಹಲ್ಲಿಯನ್ನು ಹಿಡಿದು ತಾಯಿಯನ್ನು ಅಟ್ಟಿಸಿಕೊಂಡು ಹೋಗುತ್ತಾರೆ, ತಾಯಿಯೂ ಮಗುವಾಗಿ ನಗುತ್ತಾಳೆ. ಬೆಳೆಯುತ್ತಿರುವ ಜ್ಯಾಕನ ಮನಸ್ಸಿನಲ್ಲಿ ಆಗ ಏಳುವ ಕತ್ತಲೆಯನ್ನು ನಿರ್ದೇಶಕರು ಮುಚ್ಚಿಡುವುದಿಲ್ಲ. ತಂದೆಯು ಎತ್ತಿ ನಿಲ್ಲಿಸಿದ ಕಾರಿನ ಕೆಳಗೆ ಮಲಗಿ ದುರಸ್ತಿ ಮಾಡುತ್ತಿರುವಾಗ, ಅದನ್ನು ಎತ್ತಿ ಹಿಡಿದಿರುವ ಉಪಕರಣದ ಮೇಲೆ ಹುಡುಗನ ಕಣ್ಣು ಬೀಳುತ್ತದೆ. ಅಷ್ಟೆ, ಏನೂ ನಡೆಯುವುದಿಲ್ಲ, ಆದರೆ ನೋಡುವವನ ಎದೆ ಒಮ್ಮೆ ನಿಂತುಹೋಗುತ್ತದೆ. ಇನ್ನೊಂದು ದಿನ ಅವನು ತಮ್ಮನಿಗೆ ಗಾಳಿಕೋವಿಯ ನಳಿಗೆಯ ಬಾಯಿಗೆ ಬೆರಳಿಡಲು ಹೇಳುತ್ತಾನೆ. ಅಣ್ಣನನ್ನು ನಂಬಿದ ತಮ್ಮನು ಬೆರಳಿಡುತ್ತಾನೆ. ಅಣ್ಣನು ಗುಂಡು ಹಾರಿಸುತ್ತಾನೆ. ಆಮೇಲೆ ಪಶ್ಚಾತ್ತಾಪದಿಂದ ಬಂದು, ಬೇಕಾದರೆ ನನ್ನನ್ನು ಹೊಡೆ ಎಂದು ನಿಂತಾಗ, ತಮ್ಮನು ಹೊಡೆಯದೆ ಕ್ಷಮಿಸಿಬಿಡುತ್ತಾನೆ. ಮನುಷ್ಯನಲ್ಲಿ ಪ್ರಕೃತಿಯ ಮಾರ್ಗ, ಅನುಗ್ರಹದ ಮಾರ್ಗವೆಂದು ಎರಡುಂಟು, ಯಾವುದನ್ನು ಹಿಡಿಯುವೆಯೋ ನೀನೇ ಆರಿಸಿಕೋ ಎಂದು ಚಿತ್ರದ ಮೊದಲಲ್ಲಿ ತಾಯಿಯ ದನಿಯು ಉಪದೇಶಿಸುತ್ತದೆ. ಆ ಉಪದೇಶದ ಪೂರ್ಣಾರ್ಥವು ನಮಗೆ ತಿಳಿದುದು ಈ ಎರಡು ಹುಡುಗರ ಕ್ಷಮೆಯಲ್ಲಿ.

ಇಷ್ಟೇ ಬೆಲೆಯುಳ್ಳ ಇನ್ನೊಂದು ಸಂಗತಿಯು ಚಿತ್ರದ ಆರಂಭದಲ್ಲಿದೆ. ಮಗನ ಸಾವಿನ ಸುದ್ದಿ ಬಂದ ಮೇಲೆ ತಂದೆಯು ಹಳೆಯದೊಂದನ್ನು ನೆನೆಯುತ್ತಾನೆ. ತಾನು ಪಿಯಾನೊ ನುಡಿಸುವಾಗ ಮಗನು ಪಕ್ಕದಲ್ಲಿ ಕುಳಿತು ಪುಸ್ತಕದ ಹಾಳೆಗಳನ್ನು ತಿರುವುತ್ತಿದ್ದನು. ಅವನು ತಿರುವುವ ರೀತಿ ಸರಿಯಿಲ್ಲವೆಂದು ತಾನು ಆಕ್ಷೇಪಿಸುತ್ತಿದ್ದೆನು. ಅವನಿಗೆ ನಾಚಿಕೆಯಾಗುವಂತೆ ಮಾಡಿದೆನು. ಕ್ಷಮೆ ಕೇಳುವುದಕ್ಕೆ ಈಗ ಅವನಿಲ್ಲ. ಮಕ್ಕಳಿರುವ ಯಾವ ತಂದೆಯು ಇದನ್ನು ಕೇಳಿ ತನ್ನ ಮಾತುಗಳನ್ನು ತಾನು ಲೆಕ್ಕಹಾಕಿಕೊಳ್ಳದೆ ಇರಬಲ್ಲನು? ದರ್ಶನವೆಂದರೆ ಇದೇ. ಮೃತ್ಯುವು ನಮ್ಮಿಂದ ಕಸಿದುಕೊಳ್ಳುವುದು ಪ್ರಿಯರನ್ನು ಮಾತ್ರವಲ್ಲ, ತಿದ್ದಿಕೊಳ್ಳುವ ಅವಕಾಶವನ್ನೂ ಕಸಿದುಕೊಳ್ಳುತ್ತದೆ. ಹಾಳೆ ತಿರುವಿದ ಸಣ್ಣ ಸಂಗತಿಯೊಂದರಿಂದ ನಿರ್ದೇಶಕರು ಇದನ್ನು ಕಾಣಿಸಿದರು.

ಹಾಗಾದರೆ ಕೊರತೆಯಾದುದು ಎಲ್ಲಿ? ತಾಯಿಯು ಪ್ರಶ್ನೆ ಕೇಳಿದ ಸ್ವಲ್ಪ ಹೊತ್ತಿಗೇ ಚಿತ್ರವು ಮನೆಯನ್ನು ಬಿಟ್ಟು ಬ್ರಹ್ಮಾಂಡಕ್ಕೆ ಹೊರಡುತ್ತದೆ. ಜ್ಯೋತಿರ್ಮಂಡಲಗಳು ಹುಟ್ಟುತ್ತವೆ, ಬೆಂಕಿಯ ಬೆಟ್ಟಗಳು ಸಿಡಿಯುತ್ತವೆ, ಕಡಲಿನಲ್ಲಿ ಜೀವಕೋಶಗಳು ಒಡೆದು ಬೆಳೆಯುತ್ತವೆ. ಪೋಲೆಂಡಿನ ಸಂಗೀತಕಾರರಾದ ಪ್ರೈಸ್ನರ್ ಅವರ ಶೋಕಗೀತವು ಹಿನ್ನೆಲೆಯಲ್ಲಿ ಏರುತ್ತದೆ. ಇದರ ಕುಶಲತೆಯನ್ನು ಅಲ್ಲಗಳೆಯುವಂತಿಲ್ಲ. ೧೯೬೮ರ ‘೨೦೦೧: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಅದ್ಭುತ ದೃಶ್ಯಗಳಿಗಾಗಿ ದುಡಿದ ಡಗ್ಲಸ್ ಟ್ರಂಬಲ್ ಅವರನ್ನು ಮ್ಯಾಲಿಕ್ ಅವರು ಸಲಹೆಗಾಗಿ ಕರೆದರು. ಗಣಕಯಂತ್ರವನ್ನೇ ನಂಬದೆ, ರಾಸಾಯನಿಕಗಳು, ಬಣ್ಣಗಳು, ಹೊಗೆ, ತಿರುಗುವ ತಟ್ಟೆಗಳಲ್ಲಿ ಹಾಕಿದ ದ್ರವಗಳು, ಇವುಗಳನ್ನು ಅತಿವೇಗದ ಕ್ಯಾಮೆರಾಗಳಿಂದ ಹಿಡಿದು ನಕ್ಷತ್ರಲೋಕವನ್ನು ನಿರ್ಮಿಸಿದರು. ತೊಟ್ಟಿಯೊಳಗಿನ ಬಣ್ಣದ ನೀರು ನಭೋಮಂಡಲವಾಗಿ ಕಾಣುವುದು ವಿಸ್ಮಯವೇ ಸರಿ. ಕಡೆಯಲ್ಲಿ ಪ್ರಾಚೀನ ಯುಗದ ಎರಡು ಮಹಾಸರಟಗಳು ಬರುತ್ತವೆ. ಹೊಳೆಯ ದಡದಲ್ಲಿ ಬಲಹೀನವಾಗಿ ಬಿದ್ದಿರುವ ಒಂದರ ತಲೆಯ ಮೇಲೆ ಇನ್ನೊಂದು ಕಾಲಿಟ್ಟು ಅದುಮಿ, ಏಕೋ ಏನೋ ಕೊಲ್ಲದೆ ಬಿಟ್ಟುಹೋಗುತ್ತದೆ. ಅನುಗ್ರಹದ ಮೊಳಕೆಯು ಮನುಷ್ಯನಿಗಿಂತ ಹಿಂದೆಯೇ ಇತ್ತೆಂಬ ಸೂಚನೆ ಇದೆಂದು ಹಲವರು ವ್ಯಾಖ್ಯಾನಿಸಿದ್ದಾರೆ.

ಸೃಷ್ಟಿಯನ್ನು ತೋರಿಸಿದುದರಲ್ಲಿ ದೋಷವಿಲ್ಲ. ತೋರಿಸಿದ ಕಾಲದಲ್ಲಿ ದೋಷವಿದೆ. ನಡುವಿನ ಮಗನು ಸತ್ತನೆಂಬ ಸುದ್ದಿ ಬಂದಾಗ ಅವನು ಯಾರೆಂಬುದೇ ನಮಗೆ ಗೊತ್ತಿಲ್ಲ. ತಾಯಿಯ ಅಳು ನಮಗೆ ಕೇಳಿಸುತ್ತದೆ, ಆದರೆ ಅವಳು ಯಾರಿಗಾಗಿ ಅಳುತ್ತಿರುವಳೋ ಅವನ ಮುಖವನ್ನು ನಾವಿನ್ನೂ ಕಂಡಿಲ್ಲ. ಆಗಲೇ ವಿಶ್ವವು ತೆರೆದುಕೊಂಡುಬಿಡುತ್ತದೆ. ಆಮೇಲೆ ಒಂದು ಗಂಟೆಗೂ ಹೆಚ್ಚು ಕಾಲ ಆ ಮಗುವನ್ನು ಕಾಣುತ್ತೇವೆ. ಅವನ ಮೃದುತನ, ಅವನ ಗಿಟಾರು, ಅಣ್ಣನ ಮೇಲೆ ಅವನಿಟ್ಟ ನಂಬಿಕೆ, ಅವನ ಕ್ಷಮೆ, ಇವೆಲ್ಲವೂ ನಮ್ಮವಾಗುತ್ತವೆ. ಈಗ ಅವನು ಸಾಯಬೇಕಾದವನೆಂದು ನೆನೆದರೆ ಕರುಳು ಹಿಂಡುತ್ತದೆ. ಆದರೆ ಈಗ ಚಿತ್ರವು ಅವನ ಸಾವಿನ ಕಡೆಗೆ ತಿರುಗುವುದೇ ಇಲ್ಲ! ತಂದೆಯ ಕಾರ್ಖಾನೆ ಮುಚ್ಚುತ್ತದೆ, ಸಂಸಾರವು ಊರು ಬಿಡುತ್ತದೆ, ಅಷ್ಟರಲ್ಲಿ ನಾವು ಕಡಲ ತೀರದಲ್ಲಿರುತ್ತೇವೆ. ಸಾವು ಇದ್ದಾಗ ನಮಗೆ ಮಗುವಿನ ಪರಿಚಯವಿಲ್ಲ, ಪರಿಚಯವಾದಾಗ ಸಾವಿಲ್ಲ. ದುಃಖಪಡುವ ಅಧಿಕಾರವು ನಮಗೆ ಬಂದ ಹೊತ್ತಿಗೆ ದುಃಖವನ್ನೇ ಎತ್ತಿ ಇಟ್ಟುಬಿಟ್ಟಿದ್ದಾರೆ.

ಆ ಕಡಲ ತೀರದ ವಿಷಯವನ್ನು ಹೆಚ್ಚು ಹೇಳಬೇಕಾದುದಿಲ್ಲ. ನಡುವಯಸ್ಸಿನ ಜ್ಯಾಕನು ಗಾಜಿನ ಮಹಾಸೌಧಗಳ ನಡುವೆ ಸಪ್ಪೆಮೋರೆಯಿಂದ ಓಡಾಡುತ್ತಿದ್ದವನು, ಕನಸಿನಂತೆ ಒಂದು ಬಾಗಿಲನ್ನು ದಾಟಿ ಮರಳಿನ ಮೇಲೆ ಬರುತ್ತಾನೆ. ಅಲ್ಲಿ ಬಾಲ್ಯದ ತಂದೆತಾಯಿಗಳೂ, ತಮ್ಮಂದಿರೂ, ಊರಿನವರೂ ಸಂಜೆಯ ಬೆಳಕಿನಲ್ಲಿ ನಡೆದಾಡುತ್ತಿದ್ದಾರೆ. ಬರ್ಲಿಯೋಜ್ ಎಂಬ ಫ್ರೆಂಚ್ ಸಂಗೀತಕಾರನ ಗಾನ ಕೇಳುತ್ತದೆ. ತಾಯಿಯು ಕೈಯೆತ್ತಿ ಮಗನನ್ನು ದೇವರಿಗೆ ಒಪ್ಪಿಸಿಬಿಡುತ್ತಾಳೆ. ತೆರೆಯ ತುಂಬ ಸೂರ್ಯಕಾಂತಿಯ ಹೊಲ. ಎಮ್ಯಾನುಯೆಲ್ ಲುಬೆಜ್ಕಿ ಅವರ ಛಾಯಾಗ್ರಹಣವು ಮನೋಹರವಾಗಿದೆ. ಆದರೆ ನೀನೆಲ್ಲಿದ್ದೆ ಎಂದು ಕೇಳಿದ ತಾಯಿಯು, ನಾನು ಕೊಟ್ಟೆನು ಎಂಬ ಮಾತಿಗೆ ಬಂದುದು ಹೇಗೆ? ಎಷ್ಟು ರಾತ್ರಿಗಳು ಕಳೆದುವು? ಯಾರೊಡನೆ ಜಗಳವಾಡಿದಳು? ಅಡಿಗೆಮನೆಯಲ್ಲಿ ಒಂದು ತಟ್ಟೆ ಹೆಚ್ಚಾಗಿ ಉಳಿದುದನ್ನು ಹೇಗೆ ಸಹಿಸಿದಳು? ಇದೊಂದನ್ನೂ ನಾವು ಕಾಣೆವು. ದಡದಿಂದ ದಡಕ್ಕೆ ಚಿತ್ರವು ಹಾರಿತು. ನಡುವಿನ ಹೊಳೆಯನ್ನು ದಾಟಲಿಲ್ಲ.

ನಮ್ಮ ಹಿಂದಿನವರು ಈ ವಿಷಯದಲ್ಲಿ ಬಹಳ ಎಚ್ಚರವಾಗಿದ್ದರು. ಮಹಾಭಾರತದ ಪ್ರಧಾನರಸವು ಶಾಂತವೆಂದು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಪ್ರತಿಪಾದಿಸಿದನು. ಆದರೆ ವ್ಯಾಸನು ಶಾಂತಿಪರ್ವವನ್ನು ಎಲ್ಲಿಟ್ಟಿದ್ದಾನೆ ನೋಡಿರಿ. ಯುದ್ಧ ಮುಗಿದ ಒಡನೆ ಭೀಷ್ಮನ ಉಪದೇಶವು ಆರಂಭವಾಗುವುದಿಲ್ಲ. ನಡುವೆ ಸ್ತ್ರೀಪರ್ವವಿದೆ. ನೂರು ಮಕ್ಕಳ ತಾಯಿಯಾದ ಗಾಂಧಾರಿಯು ರಣಭೂಮಿಗೆ ಬರುತ್ತಾಳೆ. ಹೆಂಗಸರು ತಮ್ಮ ತಮ್ಮವರ ಶರೀರಗಳನ್ನು ಹುಡುಕುತ್ತಾರೆ. ಒಬ್ಬೊಬ್ಬರನ್ನಾಗಿ ತೋರಿಸಿ ಅವಳು ಅಳುತ್ತಾಳೆ. ಸಾಕ್ಷಾತ್ ಕೃಷ್ಣನನ್ನೇ ಶಪಿಸುತ್ತಾಳೆ. ಕೃಷ್ಣನು ಆ ಶಾಪವನ್ನು ಅಂಗೀಕರಿಸುತ್ತಾನೆ. ಆ ಅಳು ಪೂರ್ಣವಾದ ಮೇಲೆಯೇ ಶಾಂತಿಗೆ ಹಕ್ಕು ಬಂದಿತು. ಕರುಣವನ್ನು ದಾಟಿ ಬಂದ ಶಾಂತವೇ ಶಾಂತ. ಕರುಣವನ್ನು ಬಳಸಿಕೊಂಡು ಹೋದ ಶಾಂತವು ಬರಿಯ ಅಲಂಕಾರ.

ಚಲನಚಿತ್ರಕ್ಕೆ ಇದು ಅಸಾಧ್ಯವೆನ್ನುವಂತೆಯೂ ಇಲ್ಲ. ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ಯು ೧೯೫೫ರಲ್ಲಿ ಬಂದಿತು, ಮರುವರ್ಷ ಅದೇ ಕಾನ್ ನಗರದಲ್ಲಿ ಅದಕ್ಕೂ ಒಂದು ಬಹುಮಾನ ದೊರೆಯಿತು. ಅದರಲ್ಲಿಯೂ ಒಂದು ಮಗುವಿನ ಸಾವಿದೆ. ಬಹುದಿನ ಊರಿನಲ್ಲಿಲ್ಲದ ತಂದೆಯು ಹಿಂದಿರುಗಿ, ಮಗಳು ದುರ್ಗೆಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಮಗಳು ಸತ್ತುಹೋಗಿರುವುದು ಅವನಿಗೆ ತಿಳಿಯದು. ಹೆಂಡತಿಯು ಸೀರೆಯನ್ನು ಹಿಡಿದು ಕುಸಿಯುತ್ತಾಳೆ. ಅವಳ ಕೂಗು ನಮಗೆ ಕೇಳಿಸುವುದಿಲ್ಲ. ಅದರ ಸ್ಥಾನದಲ್ಲಿ ತಾರ್‌ಶಹನಾಯಿಯ ದನಿಯೊಂದು ಏರುತ್ತದೆ. ಅಲ್ಲಿ ನಕ್ಷತ್ರಗಳಿಲ್ಲ, ದೇವರನ್ನು ಕುರಿತ ಪ್ರಶ್ನೆಯೂ ಇಲ್ಲ. ಒಂದು ಸೀರೆಯಿದೆ. ಆದರೂ ನೋಡಿ ಎದ್ದವನು ಮನುಷ್ಯನ ಪಾಡನ್ನು ಕುರಿತು ಚಿಂತಿಸದೆ ಮನೆಗೆ ಹೋಗಲಾರನು.

ಇಲ್ಲಿ ಚಿತ್ರದ ಅಭಿಮಾನಿಗಳು ಒಂದು ಮಾತನ್ನು ಹೇಳಬಹುದು: ಇದು ಕಥೆಯಲ್ಲ, ಪ್ರಾರ್ಥನೆ, ಪ್ರಾರ್ಥನೆಯಲ್ಲಿ ಕಾರ್ಯಕಾರಣಗಳನ್ನು ಹುಡುಕಬಾರದು. ಇದನ್ನು ಒಪ್ಪೋಣ. ಆದರೆ ಪ್ರಾರ್ಥನೆಗೂ ಒಂದು ಕ್ರಮವುಂಟು. ಆರ್ತನಾದವನು ತನ್ನ ಆರ್ತತೆಯನ್ನು ಮೊದಲು ಪೂರ್ತಿಯಾಗಿ ಹೇಳಿಕೊಳ್ಳುತ್ತಾನೆ. ಇನ್ನೂ ಗಂಭೀರವಾದ ವಾದವೊಂದಿದೆ. ಯೋಬನಿಗೆ ದೇವರು ಕೊಟ್ಟ ಉತ್ತರವೂ ಸೃಷ್ಟಿಯ ಭವ್ಯತೆಯೇ ಅಲ್ಲವೆ? ನಕ್ಷತ್ರಗಳನ್ನೂ ಕಡಲನ್ನೂ ಕಾಡುಮೃಗಗಳನ್ನೂ ತೋರಿಸಿದನೇ ಹೊರತು, ಮಕ್ಕಳು ಏಕೆ ಸತ್ತರೆಂದು ಅವನೂ ಹೇಳಲಿಲ್ಲ. ಮ್ಯಾಲಿಕ್ ಅವರು ಮಾಡಿದುದೂ ಅದನ್ನೇ ಎಂದು ಅವರು ಕೇಳಬಹುದು. ಪ್ರಶ್ನೆ ಸರಿಯಾದುದು. ಉತ್ತರವೂ ಆ ಪುಸ್ತಕದಲ್ಲಿಯೇ ಇದೆ. ಮೊದಲನೆಯದಾಗಿ, ಯೋಬನು ತನ್ನ ದೂರನ್ನು ಕಡೆಯ ಮಾತಿನವರೆಗೆ ಹೇಳಿ ಮುಗಿಸಿದ ಮೇಲೆ ಆ ಧ್ವನಿಯು ಬಂದಿತು, ನಡುವೆ ತಡೆಯಲಿಲ್ಲ. ಎರಡನೆಯದಾಗಿ, ಅದು ಅವನನ್ನು ಉದ್ದೇಶಿಸಿ ಆಡಿದ ಮಾತು. ದುಃಖಿಯಾದ ಒಬ್ಬ ಮನುಷ್ಯನೊಡನೆ ದೇವರು ಮಾತನಾಡಿದನೆಂಬುದೇ ಯೋಬನಿಗೆ ದೊರೆತ ಸಾಂತ್ವನವೆಂದು ತೋರುತ್ತದೆ, ನಕ್ಷತ್ರಗಳ ಲೆಕ್ಕವಲ್ಲ. ಚಿತ್ರದಲ್ಲಿಯೋ, ನಕ್ಷತ್ರಗಳಿವೆ, ಯಾರೂ ತಾಯಿಯೊಡನೆ ಮಾತನಾಡುವುದಿಲ್ಲ.

ಮೂರನೆಯ ಸಂಗತಿಯು ನಮ್ಮ ಮುಖ್ಯ ವಿಷಯಕ್ಕೆ ಸಂಬಂಧಿಸಿದುದು. ಕಡೆಯಲ್ಲಿ ದೇವರು ಕೋಪಿಸಿಕೊಂಡುದು ಯೋಬನ ಮೇಲಲ್ಲ. ತನ್ನ ಪರವಾಗಿ ವಾದಿಸಿದ ಆ ಮೂವರು ಮಿತ್ರರ ಮೇಲೆ. ಭಕ್ತಿಯ ಹೆಸರಿನಲ್ಲಿ ಸಿದ್ಧವಾದ ಸಮಾಧಾನಗಳನ್ನು ಹೇಳಿದವರು ತಪ್ಪಿತಸ್ಥರಾದರು. ಕಂಡುದನ್ನು ಕಂಡಂತೆ ಹೇಳಿ ದೂರಿದವನು ಸರಿಯಾಗಿ ಮಾತನಾಡಿದನೆನಿಸಿಕೊಂಡನು. ಚಿತ್ರದಲ್ಲಿಯೇ ಮುದುಕಿಯೊಬ್ಬಳು ಬಂದು, ನಿನಗಿನ್ನೂ ಇಬ್ಬರು ಮಕ್ಕಳಿದ್ದಾರಲ್ಲ ಎಂದು ತಾಯಿಗೆ ಸಮಾಧಾನ ಹೇಳುತ್ತಾಳೆ. ಆ ಮಾತಿನ ಪೊಳ್ಳುತನವನ್ನು ನಿರ್ದೇಶಕರು ಚೆನ್ನಾಗಿ ಅರಿತು ತೋರಿಸಿದ್ದಾರೆ. ಅಷ್ಟನ್ನು ಅರಿತವರು ಕಡಲ ತೀರದಲ್ಲಿ ಸುಂದರವಾದ ಇನ್ನೊಂದು ಸಿದ್ಧ ಸಮಾಧಾನವನ್ನು ಕೊಟ್ಟರಲ್ಲಾ ಎಂಬುದೇ ನಮ್ಮ ವ್ಯಸನ. ಶೋಕಗೃಹಕ್ಕೆ ಹೋದ ನೆಂಟರು, ಎಲ್ಲವೂ ದೈವೇಚ್ಛೆ ಎಂದು ಬೇಗನೆ ಹೇಳಿ ಚಪ್ಪಲಿ ಮೆಟ್ಟುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮಾತು ಸುಳ್ಳೆಂದಲ್ಲ, ಹೇಳಿದ ಹೊತ್ತು ತಪ್ಪು.

ಇಷ್ಟು ಹೇಳಿದ ಮೇಲೂ ಈ ಚಿತ್ರವನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ಮಕ್ಕಳನ್ನು ಬೆಳೆಸುತ್ತಿರುವ ತಂದೆಯಾದವನು ಅದರ ಮಧ್ಯಭಾಗವನ್ನು ಅವಶ್ಯವಾಗಿ ನೋಡತಕ್ಕದ್ದು. ೨೦೧೮ರಲ್ಲಿ ೧೮೮ ನಿಮಿಷಗಳ ವಿಸ್ತೃತ ಪ್ರತಿಯೊಂದು ಹೊರಬಂದಿದೆ. ಅದರಲ್ಲಿ ಕುಟುಂಬದ ಪ್ರಸಂಗಗಳೇ ಹೆಚ್ಚಾಗಿ ಬೆಳೆದಿವೆ. ವಿರಾಮವುಳ್ಳವರು ಎರಡು ಸಂಜೆಗಳಲ್ಲಿ ಅದನ್ನು ನೋಡಬಹುದು. ಹೊಗಳಿಕೆಯ ಪಟ್ಟಿಗಳನ್ನು ಬದಿಗಿಟ್ಟು ಕುಳಿತರೆ ಪ್ರಯೋಜನವು ಇನ್ನೂ ಹೆಚ್ಚು. ಏಕೆಂದರೆ ಪ್ರಶಸ್ತಿಯು ಚಿತ್ರದ ಮುಂದೆ ಬಂದು ಕುಳಿತರೆ ನಮಗೆ ಕಾಣುವುದು ಪ್ರಶಸ್ತಿಯೇ ಹೊರತು ಚಿತ್ರವಲ್ಲ.

ಚಿತ್ರ ಮುಗಿದ ಮೇಲೆ ಮನೆಯವರು ಅದನ್ನು ಕುರಿತು ಮಾತನಾಡಲಿ. ಚಿಕ್ಕವರೊಬ್ಬರು ನನಗೆ ಹಿಡಿಸಲಿಲ್ಲ ಎಂದರೆ, ನಿನಗೆ ತಿಳಿಯದು ಸುಮ್ಮನಿರು ಎಂದು ಹಿರಿಯರು ಬಾಯಿ ಮುಚ್ಚಿಸಬಾರದು. ಎಲ್ಲಿ ಹಿಡಿಸಲಿಲ್ಲ, ಎಲ್ಲಿಯವರೆಗೆ ಹಿಡಿಸಿತ್ತು ಎಂದು ಕೇಳಬೇಕು. ಇಷ್ಟು ಕೇಳಿಸಿಕೊಂಡ ಮಗುವು ಮುಂದೆ ದೊಡ್ಡವರ ಪುಸ್ತಕವನ್ನಾಗಲಿ, ದೊಡ್ಡವರ ಮಾತನ್ನಾಗಲಿ ಹೆದರಿಕೆಯಿಂದ ಒಪ್ಪುವುದಿಲ್ಲ, ಹಠದಿಂದ ತಳ್ಳುವುದೂ ಇಲ್ಲ. ಓಬ್ರಯನ್ನನ ಮೇಜಿನಲ್ಲಿ ಸಂಗೀತವು ಶ್ರೇಷ್ಠವಾದುದೇ ಇತ್ತು. ಮಕ್ಕಳಿಗೆ ಮಾತನಾಡುವ ಸ್ವಾತಂತ್ರ್ಯ ಮಾತ್ರ ಇರಲಿಲ್ಲ. ಆ ಒಂದು ಪಾಠವನ್ನಾದರೂ ಆ ಮನೆಯಿಂದ ನಮ್ಮ ಮನೆಗಳಿಗೆ ತಂದುಕೊಂಡರೆ, ನಾವು ಪಟ್ಟ ಆಶಾಭಂಗವು ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತೇವೆ.